ರಾಗಿ ಮೂಟೆಯ ಒಡತಿ

“ಗಾಡೀಲಿ ಏನಿತ್ತಮ್ಮ?” ವಿಮಾ ಕಂಪನಿಯ ವಕೀಲ ರಾಘವ ಕೇಳಿದರು.

“ರಾಗಿ ಮೂಟೆ,” ಎಂದಳು ಪುಟ್ಟಗೌರಮ್ಮ. ನಾಗಮಂಗಲದ ಕೋರ್ಟಿನ ಕಟಕಟೆಯಲ್ಲಿ ಅವಳಿಗೆ ಕುರ್ಚಿ ಹಾಕಿಕೊಟ್ಟಿದ್ದರು. ಮಂಡಿ ಮಡಿಸಲು ಬಾರದ ಬಲಗಾಲು ಮುಂದಕ್ಕೆ ಚಾಚಿಕೊಂಡೇ ಇತ್ತು.

ಆ ರಾಗಿ ಮೂಟೆಯದು ದೊಡ್ಡ ಮಹಿಮೆ. ಹೊಣಕೆರೆಯ ತಿರುವಿನಲ್ಲಿ ಗೂಡ್ಸ್ ಆಟೊ ಮಗುಚಿದಾಗ ಅದರಲ್ಲಿ ಇದ್ದದ್ದು ಬೀಗರೂಟ ಉಂಡು ತೂಕಡಿಸುತ್ತಿದ್ದ ದೇವಲಾಪುರದ ಜನ ಮಾತ್ರ. ರಾಗಿಯನ್ನು ಹೇರಿದವರು ಪುಟ್ಟಗೌರಮ್ಮನ ವಕೀಲ ಸುದರ್ಶನ್, ಅದೂ ಗಾಡಿ ಮಗುಚಿ ಎಷ್ಟೋ ತಿಂಗಳಾದ ಮೇಲೆ, ತಮ್ಮ ಆಫೀಸಿನ ಫ್ಯಾನಿನ ಕೆಳಗೆ ಕೂತುಕೊಂಡು. “ಸಾಮಾನು ಸಾಗಿಸೋ ಗಾಡೀಲಿ ಬರೀ ಜನ ಕೂತಿದ್ರೆ ಇನ್ಶೂರೆನ್ಸ್‌ನೋರು ನಯಾಪೈಸೆ ಕೊಡಲ್ಲ. ಸಾಮಾನಿನ ಜೊತೆ ಅದರ ಯಜಮಾನ ಕೂತಿದ್ರೆ ಕೊಡ್ತಾರೆ. ನೀವು ಊಟಕ್ಕೆ ಹೋಗಿರಲಿಲ್ಲ, ನಿಮ್ಮ ರಾಗಿ ಮಾರೋಕೆ ಹೋಗ್ತಿದ್ರಿ. ಗೊತ್ತಾಯ್ತಾ?” ಮೂಟೆ ಪಕ್ಕದಲ್ಲಿದ್ದರೆ ಮಾತ್ರ ಮನುಷ್ಯರ ಮೂಳೆಗೆ ಬೆಲೆ ಎಂಬ ಈ ಘನವಾದ ನ್ಯಾಯ ಪುಟ್ಟಗೌರಮ್ಮನ ತಲೆಗೆ ಹತ್ತಲಿಲ್ಲ. ಆದರೂ ಹೇಳಿಕೊಟ್ಟದ್ದನ್ನು ಕಲಿತಳು. ಮಂಡಿಗೆ ಇನ್ನೊಂದು ಆಪರೇಷನ್ ಆಗದಿದ್ದರೆ ಸಾಯುವತನಕ ಕೋಲೇ ಗತಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಪರಿಹಾರ ಬಂದರೆ ಆಪರೇಷನ್, ಬರದಿದ್ದರೆ ಕೋಲು.

ಗಾಡಿಯ ಯಜಮಾನ ಬೇರೆ ಯಾರೂ ಅಲ್ಲ, ಅವಳ ಬೀಗ ಚಿಕ್ಕಸ್ವಾಮಿ, ಸೊಸೆ ಚಂದ್ರಕಲಳ ಅಪ್ಪ. ಬೀಗರನ್ನು ಕರೆತಂದು, ಉಣಿಸಿ, ವಾಪಸ್ಸು ಬಿಟ್ಟುಬರಲು ಸ್ವಂತ ಗಾಡಿಯನ್ನೇ ಕಳಿಸಿದ ಪುಣ್ಯಾತ್ಮ. ಇವತ್ತು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದ. ರಾಗಿಗೆ ಅವನೂ ಹೂಂ ಅಂದಿದ್ದ.

ರಾಘವ ಮೇಲುಕೋಟೆಯ ಕಡೆಯವರು, ಈರುಳ್ಳಿಯನ್ನೂ ಒಳಕ್ಕೆ ಬಿಟ್ಟುಕೊಳ್ಳದ ಮನೆತನ. ಆದರೆ ಈ ಸೀಮೆಯಲ್ಲಿ ವಕೀಲಿಕೆ ಮಾಡಿ ಮಾಡಿ, ಬಾಡೂಟದ ಮರ್ಯಾದೆ ಎಂಥದೆಂಬುದು ಉಣ್ಣುವವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ರಾಗಿಯ ಮಾತನ್ನು ಅವರು ಅಲ್ಲಿಗೇ ಬಿಟ್ಟರು.

“ಆಯ್ತು ತಾಯಿ, ರಾಗಿ ಅಂತಲೇ ಇಟ್ಕೊಳ್ಳೋಣ. ಅಂದ್ರೆ ನಿಮ್ಮ ಬೀಗರು ಬೀಗರೂಟ ಹಾಕಲೇ ಇಲ್ಲ?”

“ಇಲ್ಲ,” ಎಂದಳು. ಬೀಗರನ್ನು ಎದುರಿಗೇ ಕೂರಿಸಿಕೊಂಡು ಆಡುವ ಮಾತೇ ಇದು? ಅವಳಿಗೆ ನಾಚಿಕೆಯಾಯಿತು.

“ಹಾಕಿದ್ರು ಅಂತ ನಾನು ಕೇಳಿದ್ದೆ. ಪಾಪ, ಅನುಕೂಲ ಇಲ್ಲದೋರು. ಫಾರಂ ಕೋಳಿ ತಂದು, ನೀರುನೀರಾಗಿ ಸಾರು ಕಾಯಿಸಿ, ಅರ್ಧ ಜನಕ್ಕೆ ಮುದ್ದೇನೂ ಇಲ್ಲದೆ ಕಳಿಸಿಬಿಟ್ರಂತೆ. ಊರೆಲ್ಲ ನಕ್ಕರಂತೆ.”

ಹಿಂದಿನ ಬೆಂಚಿನಲ್ಲಿ ಚಿಕ್ಕಸ್ವಾಮಿಯ ತಲೆ ಬಗ್ಗಿತು. ಪುಟ್ಟಗೌರಮ್ಮ ಅದನ್ನು ಕಂಡಳು. ಸುದರ್ಶನ್ ಎದ್ದು ನಿಲ್ಲುವಷ್ಟರಲ್ಲಿ ಕಾಲ ಮಿಂಚಿತ್ತು.

“ಯಾವನಂಗಂದೋನು? ಅವನ ನಾಲ್ಗೆ ಸೇದೋಗ! ಎರಡು ಟಗರು ಕಡ್ದಿದ್ರು ಕಣಪ್ಪಾ ನಮ್ಮ ಬೀಗ್ರು! ತಲೆಮಾಂಸ ಬ್ಯಾರೆ, ಬೋಟಿ ಗೊಜ್ಜು ಬ್ಯಾರೆ. ಮುದ್ದೆ ಇರ್ನಿಲ್ವಂತೆ! ಸಾಕು ಸಾಕು ಅಂದ್ರೂ ಕೇಳ್ದೆ ಎಲೆಗೆ ಇಕ್ಕವ್ರೆ. ಉಂಡ್ಬುಟ್ಟು ಗಾಡಿ ಅತ್ತಕ್ಕಾಗ್ದೆ ಒಬ್ರನ್ನೊಬ್ರು ತಳ್ಕಂಡು ಅತ್ತುದ್ವಿ!”

“ಯಾವ ಗಾಡಿ ತಾಯಿ?”

“ಇನ್ಯಾವ್ದು? ಮಗುಚ್ಕಂಡ ಗಾಡಿನೇಯ!”

“ನನ್ನದು ಇಷ್ಟೇ, ಮಹಾಸ್ವಾಮಿ,” ಎಂದು ಜಡ್ಜಿಗೆ ಬಗ್ಗಿ ರಾಘವ ಕೂತರು. ಬೆರಳಚ್ಚುಗಾರ ಬೋಟಿ ಗೊಜ್ಜನ್ನೂ ಬಿಡದೆ ಟೈಪು ಮಾಡಿಕೊಂಡ.

ಮಧ್ಯಾಹ್ನದ ವಿರಾಮದಲ್ಲಿ ಚಿಕ್ಕಸ್ವಾಮಿ ಓಡಿಬಂದು ಕೈಮುಗಿದ. ಅವನ ಕಣ್ಣಲ್ಲಿ ನೀರಾಡುತ್ತಿತ್ತು. “ಬೀಗಿತ್ತಿ ಅಂದ್ರೆ ಇಂಗಿರ್ಬೇಕು ಕಣವ್ವ. ಅಷ್ಟು ಜನದ ಮುಂದೆ ನಮ್ಮನೆ ಮಾನ ಉಳಿಸ್ಬುಟ್ರಿ.”

“ಇಲ್ದುದ್ನೇನು ಯೋಳ್ನಿಲ್ವಲ್ಲ ಬೀಗ್ರೇ. ನೀವಿಕ್ಕಿದ್ದು ಸುಳ್ಳಾ, ನಾವುಂಡಿದ್ದು ಸುಳ್ಳಾ?” ಪುಟ್ಟಗೌರಮ್ಮನಿಗೂ ಎದೆ ತುಂಬಿ ಬಂತು. ಅಷ್ಟು ಹೊತ್ತೂ ಕಾಲು ನೋಯುತ್ತಿದ್ದದ್ದೇ ಅವಳಿಗೆ ಮರೆತುಹೋಗಿತ್ತು.

ಸುದರ್ಶನ್ ಕರಿ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ಬಂದರು. “ಮಾನ ಉಳೀತು, ಬಹಳ ಸಂತೋಷ. ಜೊತೆಗೆ ಇನ್ಶೂರೆನ್ಸ್ ಕಂಪನೀನೂ ಉಳ್ಕೊಳ್ತು. ಇನ್ನು ಪರಿಹಾರ ಕೊಡೋದು ಗಾಡಿ ಓನರ್ ತಲೆಗೆ ಬರುತ್ತೆ. ಅಂದ್ರೆ ನಿಮ್ಮ ತಲೆಗೆ, ಚಿಕ್ಕಸ್ವಾಮಿ. ಇವರೊಬ್ಬರಿಗೇ ಅಂದ್ಕೋಬೇಡಿ, ಮಗುಚಿ ಬಿದ್ದೋರಿಗೆಲ್ಲ.”

ಚಿಕ್ಕಸ್ವಾಮಿ ಮುಗಿದ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡ. ಪುಟ್ಟಗೌರಮ್ಮ ಅವನ ಮುಖ ನೋಡಿದಳು. ಆಪರೇಷನ್ನಿನ ಆಸೆಯನ್ನು ಅಲ್ಲೇ ನುಂಗಿಕೊಂಡು, “ನಿಮ್ತಾವ ನಾನು ಒಂದು ಕಾಸೂ ಕೇಳಾಕಿಲ್ಲ ಬೀಗ್ರೇ, ಕೋಲಿದ್ರೆ ಸಾಕು ನಂಗೆ,” ಎಂದಳು. ಅವನು ಆಗಲೇ ಬೆನ್ನು ತಿರುಗಿಸಿ ನಡೆದಿದ್ದ.

ಕೋರ್ಟು ಮತ್ತೆ ಸೇರಿದಾಗ ಚಿಕ್ಕಸ್ವಾಮಿಯ ಸರದಿ ಬಂತು. ಸತ್ಯವನ್ನೇ ಹೇಳುತ್ತೇನೆಂದು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದ. ಅವನ ಮನೆಯ ಎಲೆಯಲ್ಲಿ ಉಂಡು ಕೈಕಾಲು ಮುರಿದುಕೊಂಡವರೆಲ್ಲ ಬೆಂಚುಗಳ ಮೇಲೆ ಕೂತು ಅವನ ಬಾಯನ್ನೇ ನೋಡುತ್ತಿದ್ದರು.

“ಆ ದಿನ ನಿಮ್ಮನೇಲಿ ಬೀಗರೂಟ ಇತ್ತಲ್ವಾ?” ರಾಘವ ಕೇಳಿದರು.

“ಬೀಗರೂಟವಾ?” ಪುಟ್ಟಗೌರಮ್ಮನ ಕಡೆ ಕಣ್ಣನ್ನೂ ಹಾಯಿಸದೆ ಚಿಕ್ಕಸ್ವಾಮಿ ಹೇಳಿದ, “ಇವ್ರು ಯಾರ್ಗೂ ನಾನು ಇವತ್ತಿನಗಂಟ ಒಂದು ಲೋಟ ನೀರೂ ಕೊಟ್ಟೋನಲ್ಲ, ಸ್ವಾಮಿ.”