ದೊರೆಯ ದರ್ಬಾರು

ಗಂಡ ಹಾಸಿಗೆ ಮೇಲೆ ಒದ್ದೆ ಟವೆಲ್ ಬಿಸಾಡಿದ್ದಕ್ಕೆ ಗಂಡಹೆಂಡತಿ ಮಾತು ಬಿಟ್ಟಿದ್ದರು. ಅಂದಿನಿಂದ ಮನೆಯ ನಾಯಿ ದೊರೆಗೆ ಎಲ್ಲಿಲ್ಲದ ಬೆಲೆ ಬಂತು.

"ದೊರೆ, ತಿಂಡಿ ಆಗಿದೆ ಅಂತ ನಿಮ್ಮಪ್ಪಂಗೆ ಹೇಳು," ಎಂದು ಅವಳು ಒಂದು ಇಡ್ಲಿ ಹಾಕುತ್ತಿದ್ದಳು.

"ಚಟ್ನಿಗೆ ಉಪ್ಪು ಕಮ್ಮಿ ಅಂತ ನಿಮ್ಮಮ್ಮಂಗೆ ಹೇಳು," ಎಂದು ಅವನೂ ಒಂದು ಹಾಕುತ್ತಿದ್ದ.

"ನಾನಿಲ್ದೆ ಈ ಮನೆ ನಡೆಯಲ್ಲ ಕಣೇ," ಎಂದು ದೊರೆ ಬೆಕ್ಕಿನ ಮುಂದೆ ಬೀಗಿದ.

"ಇದೆಲ್ಲ ನಾಲ್ಕು ದಿನ ಕಣೋ," ಎಂದು ಬೆಕ್ಕು ಆಕಳಿಸಿತು.

ಭಾನುವಾರ ಇಬ್ಬರೂ ರಾಜಿಯಾಗಿ, ನಗುನಗುತ್ತ ಸಿನಿಮಾಗೆ ಹೊರಟುಹೋದರು. ದೊರೆಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

"ಈಗೇನ್ಮಾಡ್ತೀಯೋ?" ಎಂದು ಬೆಕ್ಕು ಕೆಣಕಿತು.

ಉತ್ತರ ಕೊಡಲು ದೊರೆಯ ಬಾಯಿ ಖಾಲಿ ಇರಲಿಲ್ಲ. ಬಚ್ಚಲಿನಿಂದ ಒದ್ದೆ ಟವೆಲ್ ಕಚ್ಚಿಕೊಂಡು ಬಂದು ಅವನು ಹಾಸಿಗೆ ಹತ್ತುತ್ತಿದ್ದ.