ಅವ್ವನ ಸಾಲು

ಬದನೆ ಹೊಲದ ಬದುವಿನ ಪಕ್ಕದ ಒಂದು ಸಾಲಿಗೆ ಅವ್ವ ಬದುಕಿರುವವರೆಗೂ ಕೀಟನಾಶಕ ಹೊಡೆಯಗೊಟ್ಟಿರಲಿಲ್ಲ. "ಹುಳದ ಪಾಲು ಹುಳಕ್ಕ ಇರಲಿ" ಎನ್ನುತ್ತಿದ್ದಳು. ಅವಳು ಹೋಗಿ ತಿಂಗಳಾದರೂ ಆ ಸಾಲಿನ ಹತ್ತಿರ ಹೋದಾಗಲೆಲ್ಲ ಅವಳ ಕೆಮ್ಮು ಕೇಳಿದಂತಾಗಿ ಫಕೀರಪ್ಪ ಹಿಂದಿರುಗಿ ನೋಡುತ್ತಿದ್ದ.

ಉಳಿದ ಹೊಲದಲ್ಲಿ ಎಷ್ಟು ಹೊಡೆದರೂ ಕಾಯಿಕೊರಕ ಹುಳ ಸಾಯುತ್ತಿರಲಿಲ್ಲ. ಕೃಷಿ ಕೇಂದ್ರದ ಮೇಡಂ ಹೇಳಿದಂತೆ ಹೊಲದ ಹುಳಗಳನ್ನು ಒಂದು ಡಬ್ಬಿಯಲ್ಲಿ, ಅವ್ವನ ಸಾಲಿನವನ್ನು ಇನ್ನೊಂದರಲ್ಲಿ ಕೊಟ್ಟು ಬಂದಿದ್ದ. ಇವತ್ತು ಮಧ್ಯಾಹ್ನ ಉತ್ತರ ಕೇಳಲು ಹೋದ.

"ಎರಡಕ್ಕೂ ನೀವು ಹೊಡಿಯೋ ಒಂದೇ ಕೀಟನಾಶಕದ ಎಣ್ಣಿ ಹಾಕಿ ನೋಡೇನಿ" ಎಂದರು ಮೇಡಂ. "ಹೊಲದ ಹುಳ ಇನ್ನೂ ಹರಿದಾಡಾಕತ್ತಾವ. ಆ ಸಾಲಿನವು ಎಲ್ಲಾ ಸತ್ತಾವ."

"ಅಂದ್ರ, ಹುಳದ ಗೂಡು ಆ ಸಾಲಲ್ಲೇನ್ರಿ?"

"ಅಲ್ಲ ಫಕೀರಪ್ಪ. ಅವು ಎಣ್ಣಿ ಕಂಡಿಲ್ಲದ ಹುಳ. ಅವು ಹೊಲದ ಹುಳದ ಜೋಡಿ ಕೂಡಿದ್ರ, ಹುಟ್ಟೋ ಮರಿ ಮತ್ತ ಎಣ್ಣಿಗೆ ಸಾಯ್ತಾವ. ನಿಮ್ಮ ಹೊಲ ಉಳಿಸೋದು ಆ ಒಂದು ಸಾಲು. ಅದನ್ನ ಮಾತ್ರ ಮುಟ್ಟಬ್ಯಾಡ್ರಿ."

ಬೆಳಿಗ್ಗೆ ಆ ಸಾಲಿಗೆ ಎರಡು ಪಂಪು ಕೀಟನಾಶಕ ಹೊಡೆಯುವಾಗ ಒಮ್ಮೆಯೂ ಕೇಳದ ಕೆಮ್ಮು, ಈಗ ಅವನ ಬೆನ್ನ ಹಿಂದೆಯೇ ಕೇಳಿತು.