ಮದುವೆಗೆ ಸಾಯುವ ಘಟಸರ್ಪ

ಕುದುರೆ ಏರಿದ ವೀರರ ಹಳೆಯ ಪ್ರೇಮಕಥೆಯಲ್ಲಿ ಬರೆದಿದೆ ಎಂದು, ಘಟಸರ್ಪವನ್ನು ಕೊಲ್ಲದ ಗಂಡಿಗೆ ನಮ್ಮ ಕಡೆ ಹೆಣ್ಣು ಕೊಡುವುದಿಲ್ಲ. ಕೊಂದು ಕೊಂದು ಕೊನೆಗೆ ಉಳಿದದ್ದು ನಮ್ಮೂರಿನದೊಂದೇ. ಅದನ್ನು ಸಾಕುವವನು ನಾನು. ಈಟಿ ತಾಗಿದ ಕೂಡಲೇ ಅದು ಸತ್ತಂತೆ ಮಲಗುತ್ತದೆ. ದಿಬ್ಬಣದವರು ಊಟಕ್ಕೆ ಹೋದ ಮೇಲೆ ಎದ್ದು ಹುರುಳಿ ತಿನ್ನುತ್ತದೆ. ನನ್ನ ಅಪ್ಪನ ಮದುವೆಯಲ್ಲಿ ಸತ್ತದ್ದೂ ಇದೇ.

ಮೊನ್ನೆ ನನ್ನ ತಮ್ಮನ ಮಗಳು ಪಾಲಮ್ಮನನ್ನು ಪದ್ಧತಿಯಂತೆ ಸರ್ಪದ ಎದುರಿನ ಬಂಡೆಗೆ ಕಟ್ಟಿದ್ದೆವು. ಅವಳೇ ಹಟ ಹಿಡಿದು ಮನೆಯವರನ್ನು ಒಪ್ಪಿಸಿ ಆರಿಸಿಕೊಂಡಿದ್ದ ಗಂಡು ಬೋರೇಶ ಈಟಿ ಹಿಡಿದು ಬಂದ. ಸರ್ಪ ಆಕಳಿಸಿತು. ಅಷ್ಟಕ್ಕೇ ಅವನು ಮೂರ್ಛೆ ಹೋದ.

"ಕೊಲ್ಲಲಿಲ್ಲ ಅಂದ್ರೆ ತಾಳಿ ಇಲ್ಲ. ಕಥೇಲಿ ಹಂಗೇ ಐತೆ," ಎಂದರು ಕಥೆ ಓದುವ ಅಯ್ನೋರು. ಗಂಡಿನ ತಾಯಿ ಅಳತೊಡಗಿದಳು.

ಪಾಲಮ್ಮ ತಾನೇ ಹಗ್ಗ ಬಿಚ್ಚಿಕೊಂಡು ಬಂದು ಸರ್ಪದ ಗಂಟಲು ತುರಿಸಿದಳು.

"ಸಾಯಪ್ಪ, ಮುಹೂರ್ತ ಮೀರ್ತೈತೆ."

ಸರ್ಪ ಮಲಗಿತು.

"ಈಗ ಸತ್ತೈತಲ್ಲ, ಅಯ್ನೋರೆ?"

"ಸತ್ತಿದ್ದೇನೋ ಸರಿ. ಕೊಂದೋರು ಯಾರು ಅಂತ ಓದ್ಲಿ?"

"ಹೆಣ್ಣೇ ಕೊಂದ್ಲು ಅಂತ ಓದ್ರಿ."

"ಆ ಪದ್ಯ ಕಥೇಲಿ ಇಲ್ವಲ್ಲವ್ವ."

ಇದ್ದ ಪದ್ಯವನ್ನೇ ಓದಿದರು. ವೀರನು ಹಗಲಿರುಳು ಕಾದಾಡಿ ಸರ್ಪವನ್ನು ಕೆಡವಿದನಂತೆ.

ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಬೋರೇಶ ಕಣ್ಣುಬಿಟ್ಟ. ಪದ್ಯ ಕೇಳಿದ, ಬಿದ್ದಿದ್ದ ಸರ್ಪವನ್ನು ನೋಡಿದ. ಮೆಲ್ಲಗೆ ಮೀಸೆಗೆ ಕೈ ಹೋಯಿತು.

"ಹೆದ್ರಬ್ಯಾಡ ಕಣೇ," ಎಂದ ಪಾಲಮ್ಮನಿಗೆ, "ನಾನಿದೀನಿ."